ಮಗ್ಗಿ ಪಟಪಟ ಬರುತ್ತದೆ, ಲೆಕ್ಕ ಬರಲ್ಲ: ಯಾರ ಸಿದ್ಧಾಂತ ಹಿಡಿಯಲಿ?

ಪ್ರಶ್ನೆ (ಪ್ರಾಥಮಿಕ ಶಾಲೆ ಶಿಕ್ಷಕಿ, ಯಾದಗಿರಿ ತಾಲೂಕು):
ಸರ್, ನಮಸ್ಕಾರ. ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತೇನೆ. ಮಕ್ಕಳು ಆರರ ಮಗ್ಗಿ ಪಟಪಟ ಹೇಳುತ್ತಾರೆ. ‘ನಾಲ್ಕು ಬುಟ್ಟಿ, ಒಂದೊಂದರಲ್ಲಿ ಆರು ರೊಟ್ಟಿ, ಒಟ್ಟು ಎಷ್ಟು?’ ಅಂದರೆ ಮುಖ ನೋಡುತ್ತಾರೆ. ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ಓದುವಾಗ, ಕಲಿಕೆ ಹೇಗೆ ನಡೆಯುತ್ತದೆ ಅಂತ ಹೇಳಿದ ಮನೋವಿಜ್ಞಾನಿಗಳಾದ ಸ್ಕಿನ್ನರ್, ಪಿಯಾಜೆ, ವೈಗಾಟ್ಸ್ಕಿ ಮೂವರನ್ನೂ ಓದಿದ್ದೆ. ಈಗ ಯಾರ ಮಾತು ಹಿಡಿದು ಪಾಠ ಮಾಡಲಿ?

ಉತ್ತರ (ಶಿಕ್ಷಕರ ತರಬೇತುದಾರ, ಕಲಬುರಗಿ):
ಮೇಡಂ, ಒಬ್ಬರನ್ನೇ ಆರಿಸಬೇಡಿ. ಮಗು ಎಲ್ಲಿ ತಡೆದು ನಿಂತಿದೆ ಅಂತ ಮೊದಲು ನೋಡಿ.

ಮಗ್ಗಿ ಬಂದದ್ದು ಸ್ಕಿನ್ನರ್ ಹೇಳಿದ ದಾರಿಯಲ್ಲೇ. ಸರಿ ಹೇಳಿದ ಕೂಡಲೇ ‘ಶಭಾಷ್’ ಸಿಕ್ಕರೆ ಮಗು ಮತ್ತೆ ಹೇಳುತ್ತದೆ, ಹೇಳಿ ಹೇಳಿ ಗಟ್ಟಿಯಾಗುತ್ತದೆ. ಇದನ್ನು ಕೀಳಾಗಿ ಕಾಣಬೇಡಿ, ಮುಂದೆ ದೊಡ್ಡ ಗುಣಾಕಾರಕ್ಕೆ ಬೇಕೇ ಬೇಕು. ಆದರೆ ಅರ್ಥವಾಗಿದೆಯಾ ಅನ್ನೋದು ಮಗ್ಗಿಯಿಂದ ಗೊತ್ತಾಗಲ್ಲ.

ಅದಕ್ಕೆ ಪಿಯಾಜೆ ಬೇಕು. ಅವರು ಅಗಲ ಲೋಟದ ನೀರನ್ನು ಮಗುವಿನ ಎದುರೇ ಉದ್ದ, ಕಿರಿದಾದ ಲೋಟಕ್ಕೆ ಸುರಿದು ‘ನೀರು ಅಷ್ಟೇ ಇದೆಯಾ?’ ಅಂತ ಕೇಳುತ್ತಿದ್ದರು. ನೀರು ಅಷ್ಟೇ ಇದ್ದರೂ ನಾಲ್ಕೈದು ವರ್ಷದ ಮಗು ‘ಈಗ ಜಾಸ್ತಿ ಆಯ್ತು’ ಅನ್ನುತ್ತದೆ. ಸುಮಾರು 7ರಿಂದ 11 ವರ್ಷದ ಮಕ್ಕಳಿಗೆ ತರ್ಕ ಬರುತ್ತದೆ, ಆದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು ಇರಬೇಕು. (ಈ ವಯಸ್ಸನ್ನು ಗೆರೆ ಎಳೆದಂತೆ ಹಿಡಿಯಬೇಡಿ. ಪ್ರಶ್ನೆ ಕೇಳುವ ರೀತಿ ಬದಲಾದರೆ ಇನ್ನೂ ಚಿಕ್ಕವರು ಸಹ ಸರಿ ಹೇಳುವುದನ್ನು ಆಮೇಲಿನವರು ತೋರಿಸಿದ್ದಾರೆ.) ತೊಗರಿ ಕಾಳಿಗೆ ನಮ್ಮ ಕಡೆ ಬರವೇ? ಆರಾರು ಕಾಳಿನ ನಾಲ್ಕು ಗುಂಪು ಮಾಡಿಸಿ, ಎಣಿಸಲಿ. ಆಮೇಲೆ ಮಗ್ಗಿ ಹೇಳಿಸಿ.

ಪ್ರಶ್ನೆ:
ಮಾಡಿದೆ ಸರ್, ಸುಮಾರು ಜನಕ್ಕೆ ಹೊಳೆಯಿತು. ತಾಂಡಾದಿಂದ ಬರುವ ಇಬ್ಬರು ಮಾತ್ರ ಕಾಳು ಹಿಡಿದು ಸುಮ್ನೆ ಕೂತರು. ಮನೆಯಲ್ಲಿ ಅವರದು ಲಂಬಾಣಿ ಮಾತು.

ಉತ್ತರ:
ಒಳ್ಳೆಯದಾಯಿತು, ಇದನ್ನು ಗಮನಿಸಿದಿರಲ್ಲ. ಈಗ ವೈಗಾಟ್ಸ್ಕಿ ಕಡೆ ಬನ್ನಿ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿ, 1934ರಲ್ಲೇ ತೀರಿಹೋದವರು. ಮಗು ಒಂಟಿಯಾಗಿ ಮಾಡುವುದು ಒಂದು, ಬಲ್ಲವರ ಜೊತೆ ಸೇರಿ ಮಾಡುವುದು ಇನ್ನೊಂದು. ಇವೆರಡರ ನಡುವಿನ ಜಾಗದಲ್ಲಿ ಕಲಿಸಿ ಅಂದರು. ಬೀದರಿನ ಬಿದರಿ ಕೆಲಸ ನೆನೆಯಿರಿ. ಬೆಳ್ಳಿ ತಂತಿ ಕೂರಿಸುವುದನ್ನು ಬರೀ ಬಾಯಲ್ಲಿ ಹೇಳಿ ಕಲಿಸಲು ಆಗುತ್ತದಾ? ಬಲ್ಲವರ ಪಕ್ಕ ಕೂತೇ ಕಲಿಯಬೇಕು, ಅಲ್ವಾ?

ವೈಗಾಟ್ಸ್ಕಿ ಪಾಲಿಗೆ ಭಾಷೆ ಅಂದರೆ ಯೋಚನೆಯ ಉಪಕರಣ. ಹಾಗಾಗಿ ಲಂಬಾಣಿ, ಕನ್ನಡ ಎರಡೂ ಬಲ್ಲ ಮಗುವನ್ನು ಆ ಇಬ್ಬರ ಪಕ್ಕ ಕೂರಿಸಿ. ಮೊದಲು ಲಂಬಾಣಿಯಲ್ಲೇ ಎಣಿಸಲಿ, ಮಾತಾಡಲಿ. ಕನ್ನಡದ ಪ್ರಶ್ನೆ ಆಮೇಲೆ. ಕೈ ಹಿಡಿದದ್ದನ್ನು ಮೆಲ್ಲಗೆ ಬಿಡಿ.

ಆಗಲೂ ತಡೆದರೆ ಎಲ್ಲಿ ಅಂತ ಬರೆಯಿರಿ: ಎಣಿಕೆಯಲ್ಲೋ, ಗುಂಪು ಮಾಡುವುದರಲ್ಲೋ, ‘ಒಂದೊಂದರಲ್ಲಿ’ ಅನ್ನುವ ಮಾತಿನಲ್ಲೋ.