ಹಂಡಿಯಾದ ಅನ್ನ ಸಿಹಿಯಾಗದೆ ಬರೇ ಹುಳಿ ಆಗ್ತದ, ಯಾಕ?

ಪ್ರಶ್ನೆ (ಕಲಬುರಗಿ):
ಝಾರ್ಖಂಡ್, ಒಡಿಶಾ ಕಡೆ ಸಂತಾಲ, ಮುಂಡಾ, ಹೋ ಆದಿವಾಸಿ ಜನ ಅನ್ನ ಹುದುಗಿಸಿ ಮಾಡೋ ಮದ್ಯ ಹಂಡಿಯಾದ ಬಗ್ಗೆ ತಿಳಿದವರು ಹೇಳ್ರಿ. ನಾ ಹಾಕಿದ್ದು: 1 ಕಿಲೋ ಅಕ್ಕಿ ಅನ್ನ, 1 ಚಮಚ ಬೇಕರಿ ಈಸ್ಟ್, ಮುಳುಗೋವಷ್ಟು ನೀರು, ಮಣ್ಣಿನ ಗಡಗಿ, 4 ದಿನ. ಹುಳಿ ಅಂಬಲಿ ವಾಸನಿ ಬರ್ತದ, ಸಿಹಿ ಇಲ್ಲ. ತಪ್ಪು ಅಕ್ಕಿದೋ, ಈಸ್ಟಿಂದೋ, ನಮ್ಮ ಬಿಸಿಲಿಂದೋ?

ಉತ್ತರ 1:
ಮೊದಲ ತಪ್ಪು ಈಸ್ಟಿಂದು. ಈಸ್ಟಿಗೆ ಸಕ್ಕರಿ ಬೇಕು, ಪಿಷ್ಟ ಒಡೀಲಾಕ ಅದಕ್ಕ ಬರಂಗಿಲ್ಲ. ಈಚಲ ರಸದಾಗ ಸಕ್ಕರಿ ಮೊದಲೇ ಇರ್ತದ, ಅದಕ್ಕೇ ಸೇಂದಿ ತಾನಾಗೇ ಹುದುಗ್ತದ. ಅನ್ನದಾಗ ಇರೋದು ಬರೇ ಪಿಷ್ಟ. ಅದನ್ನ ಸಕ್ಕರಿ ಮಾಡೋದು ಬೂಷ್ಟು. ಹಂಡಿಯಾದಾಗ ಆ ಕೆಲಸ ರಾನು ಗುಳಿಗಿದು. ಬಾಖರ್ ಅಂತನೂ ಅಂತಾರ. ಹಸಿ ಅಕ್ಕಿ ಹಿಟ್ಟಿಗೆ ಕಾಡಿನ ಬೇರು, ತೊಗಟಿ ಪುಡಿ ಕಲಸಿ, ಉಂಡಿ ಕಟ್ಟಿ, ಹುಲ್ಲಿನ ಮ್ಯಾಲಿಟ್ಟು ಮುಚ್ತಾರ. ಬಿಳಿ ಬೂಷ್ಟು ಹಿಡಿದ ಮ್ಯಾಲೆ ಒಣಗಸ್ತಾರ. ಅದರಾಗ ಬೂಷ್ಟು, ಈಸ್ಟ್, ಹುಳಿ ಮಾಡೋ ಬ್ಯಾಕ್ಟೀರಿಯಾ ಮೂರೂ ಇರ್ತಾವ. ನಿಮ್ಮ ಗಡಗ್ಯಾಗ ಬೂಷ್ಟೇ ಇರಲಿಲ್ಲ, ಹುಳಿ ಒಂದೇ ಗೆದ್ದದ.

ಉತ್ತರ 2:
ನೀರೂ ತಪ್ಪು. ಬೂಷ್ಟಿಗೆ ಗಾಳಿ ಬೇಕು, ಮುಳುಗಿದ ಅನ್ನದಾಗ ಬೆಳೆಯಂಗಿಲ್ಲ. ಅನ್ನ ಉದುರುದುರಾಗಿ ಬೇಯಿಸಿ, ಚಾಪಿ ಮ್ಯಾಲೆ ಹರವಿ, ಕೈಗೆ ಉಗುರುಬೆಚ್ಚಗಿಂತ ಕಡಿಮಿ ಅನಿಸಿದಾಗ ರಾನು ಪುಡಿ ಕಲಸ್ತಾರ. ಬಿಸಿ ಇದ್ದಾಗ ಕಲಸಿದ್ರ ಎಲ್ಲಾ ಸಾಯ್ತದ. ಗಡಗ್ಯಾಗ ಒತ್ತಿ ತುಂಬಂಗಿಲ್ಲ, ಬಾಯಿಗೆ ಎಲಿ ಮುಚ್ತಾರ. ಸೆಕಿ ಇದ್ರ 3 ದಿನ, ಚಳಿಗಾಲಕ್ಕ 5ಕ್ಕೂ ಹೆಚ್ಚು. ಅನ್ನ ಮೆತ್ತಗಾಗಿ ಸಿಹಿ ರಸ ಬಿಟ್ಟ ಮ್ಯಾಲೇ ನೀರು ಹಾಕಿ, ಹಿಂಡಿ ಸೋಸೋದು. ಅವರು ಹೆಚ್ಚಾಗಿ ಕುಚ್ಚಲಕ್ಕಿ ಬಳಸ್ತಾರ, ಕಾಳು ಮುದ್ದಿ ಆಗಂಗಿಲ್ಲ ಅಂತ.

ಇನ್ನ ಬಿಸಿಲು: 25ರಿಂದ 30 ಡಿಗ್ರಿ ಚಲೋ. ನಮ್ಮ ಮೇ ತಿಂಗಳ 42 ಡಿಗ್ರ್ಯಾಗ ಈಸ್ಟ್ ಸೋಲ್ತದ, ಹುಳಿ ಜೋರಾಗ್ತದ. ಗಡಗಿಗೆ ಒದ್ದಿ ಗೋಣಿಚೀಲ ಸುತ್ತಿ ನೆರಳಾಗಿಟ್ರ ನಮ್ಮ ಒಣ ಗಾಳಿಗೆ ಛಲೋ ತಂಪಾಗ್ತದ. ಹಸಿರು, ಕೆಂಪು ಬೂಷ್ಟು ಅಥವಾ ಕೊಳತ ವಾಸನಿ ಕಂಡ್ರ ಪೂರಾ ಚೆಲ್ಲಬೇಕು, ಮ್ಯಾಲಿಂದು ತಗದು ಉಳಿಸಬ್ಯಾಡ್ರಿ.

ಉತ್ತರ 3:
ಹಂಡಿಯಾ ಹಬ್ಬಕ್ಕ, ಪೂಜಿಗೆ ದೇವರಿಗೆ ಮೊದಲು ಅರ್ಪಿಸೋ ಪಾನೀಯ, ಬರೇ ಮತ್ತಿಂದಲ್ಲ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಮನಿಯಾಗ ಮಾಡಬ್ಯಾಡ್ರಿ. ಬೂಷ್ಟು ಇಲ್ಲದ ಹುಳಿ ಬೇಕಂದ್ರ ನಿಮ್ಮ ಗಡಗಿ ಈಗಾಗ್ಲೇ ದಾರಿ ತೋರ್ಸ್ಯದ: ಈಸ್ಟ್ ಬಿಟ್ಟು, ರಾತ್ರಿ ಅನ್ನ ನೀರಾಗ ನೆನಸಿ, ಮುಂಜಾನಿ ಮಜ್ಜಿಗಿ, ಉಳ್ಳಾಗಡ್ಡಿ, ಉಪ್ಪು ಹಾಕ್ರಿ.