8ನೇ ತರಗತಿ ವಿಜ್ಞಾನ: ವರ್ಷದ ಪಾಠ ಹಂಚಿಕೆ ಪುಸ್ತಕದ ಕ್ರಮದಲ್ಲೇ ಇರಬೇಕಾ?

ಪ್ರಶ್ನೆ – ಅತಿಥಿ ಶಿಕ್ಷಕಿ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ). ಈ ಜೂನ್‌ನಲ್ಲಿ ಮುಂಡರಗಿ ಕಡೆಯ ಒಂದು ಪ್ರೌಢಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಿದ್ದೇನೆ. 8ನೇ ತರಗತಿಯ ಇಡೀ ವಿಜ್ಞಾನ ನನ್ನ ತಲೆಗೇ ಬಿದ್ದಿದೆ, ಭೌತಶಾಸ್ತ್ರವೂ ಸೇರಿ. ಸೋಮವಾರದೊಳಗೆ ವಾರ್ಷಿಕ ಪಾಠ ಹಂಚಿಕೆ ಬರೆದು ಕೊಡಿ ಅಂದಿದ್ದಾರೆ ಹೆಡ್‌ಮಾಸ್ತರರು. ಹಳೆಯದನ್ನು ತೆಗೆದು ನೋಡಿದೆ. ಪರಿವಿಡಿಯನ್ನೇ ತಿಂಗಳಿಗೆ ಎರಡು ಪಾಠದಂತೆ ಹಂಚಿದ್ದಾರೆ, ಅಷ್ಟೇ. ನಾನೂ ಹಾಗೇ ಮಾಡಲಾ? ಪ್ರಯೋಗಾಲಯ ಅಂತ ಒಂದು ಬೀರು ಇದೆ, ಅದರ ಬೀಗದ ಕೈ ಯಾರ ಹತ್ತಿರ ಇದೆಯೋ ಗೊತ್ತಿಲ್ಲ. 41 ಮಕ್ಕಳು, ಹೆಚ್ಚಿನವರು ಹೊಲಮನೆ ಇರುವವರ ಮಕ್ಕಳು. ಹಿರಿಯರು ಯಾರಾದರೂ ದಾರಿ ತೋರಿಸಿ.

ಉತ್ತರ – ವಿಜ್ಞಾನ ಶಿಕ್ಷಕ, ಧಾರವಾಡ ತಾಲ್ಲೂಕು, 23 ವರ್ಷದ ಸೇವೆ

ಮೇಡಂ, ಪರಿವಿಡಿ ನೋಡುವ ಮೊದಲು ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಮುಂದಿಟ್ಟುಕೊಳ್ಳಿ. ಪಂಚಾಂಗ ಇರುವ ಕ್ಯಾಲೆಂಡರ್ ಆದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. 6ರಿಂದ 8ನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ಕೇಳುವುದು ವರ್ಷಕ್ಕೆ 220 ಕೆಲಸದ ದಿನ. ಅದನ್ನು ನೋಡಿ ಬಹಳ ಟೈಮಿದೆ ಅಂದುಕೊಳ್ಳಬೇಡಿ. ಕಳೆದ ವರ್ಷ ನನ್ನ ಡೈರಿಯಲ್ಲಿ ಎಣಿಸಿದೆ. ವೇಳಾಪಟ್ಟಿ ಪ್ರಕಾರ ಸಿಗಬೇಕಾಗಿದ್ದ ಅವಧಿಗಳು 210ರ ಹತ್ತಿರ. ನಿಜವಾಗಿ ಪಾಠ ಮಾಡಿದ್ದು 138. ಉಳಿದದ್ದೆಲ್ಲ ಸೇತುಬಂಧ (ವರ್ಷದ ಮೊದಲು ಹಿಂದಿನ ಪಾಠ ನೆನಪಿಸುವುದು), ನಾಲ್ಕು ಎಫ್‌ಎ (ನಡುನಡುವಿನ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವರ್ಷಕ್ಕೊಂದರಂತೆ ಸಂಕಲನಾತ್ಮಕ ಪರೀಕ್ಷೆ), ಪ್ರತಿಭಾ ಕಾರಂಜಿ, ಕ್ರೀಡಾಕೂಟ, ತರಬೇತಿ, ಜಯಂತಿ, ಜಾತ್ರೆಗೆ ಹೋಯಿತು. ನೀವು 120 ಅವಧಿಗೆ ಮಾತ್ರ ಯೋಜನೆ ಮಾಡಿ. ಮಿಕ್ಕರೆ ಹಬ್ಬ.

ಈಗ ಮುಖ್ಯ ಮಾತು. ನಮ್ಮ ಕಡೆ ವಿಜ್ಞಾನದ ಪಾಠಕ್ಕೂ ಹದ ಅಂತ ಒಂದಿದೆ. ಹದ ತಪ್ಪಿ ಬಿತ್ತಿದರೆ ಏನಾಗುತ್ತದೆ ಅಂತ ನಿಮ್ಮ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು.

ನನ್ನ ಮೊದಲ ವರ್ಷದ ಕತೆ ಕೇಳಿ. ಮಿಂಚಿನ ಪಾಠವನ್ನು ಜುಲೈಯಲ್ಲಿ ಇಟ್ಟಿದ್ದೆ. ಮಳೆಗಾಲ, ಮಿಂಚು, ಜೋಡಿ ಸರಿಯಾಗಿದೆ ಅಂತ. ರೀಫಿಲ್ ಉಜ್ಜಿದೆ, ಬಲೂನು ಉಜ್ಜಿದೆ, ಬಾಚಣಿಕೆಯನ್ನು ತಲೆಗೆ ಉಜ್ಜಿ ಉಜ್ಜಿ ಸಾಕಾಯಿತು. ಒಂದು ಚೂರು ಕಾಗದವೂ ಅಲುಗಲಿಲ್ಲ. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಸರ್ರೀ, ಪುಸ್ತಕದಾಗ ಸುಳ್ಳ ಬರದಾರನ್ರೀ?" ಅಂದ. ಪುಸ್ತಕದ್ದು ತಪ್ಪಿರಲಿಲ್ಲ. ಜಿಟಿಜಿಟಿ ಮಳೆಯಲ್ಲಿ ಗಾಳಿ ತೇವ ಇರುತ್ತದೆ. ಉಜ್ಜಿದ ವಸ್ತುವಿನ ಮೇಲೂ ಕಾಣದಷ್ಟು ತೆಳುವಾಗಿ ನೀರು ಕೂತಿರುತ್ತದೆ. ಹುಟ್ಟಿದ ಆವೇಶ ಅದರಲ್ಲೇ ಸೋರಿ ಹೋಗುತ್ತದೆ. ಅದೇ ರೀಫಿಲ್ಲನ್ನು ಜನವರಿಯಲ್ಲಿ, ತುಟಿ ಒಡೆಯುವ ಒಣಗಾಳಿಯಲ್ಲಿ ಉಜ್ಜಿ ನೋಡಿ. ಕಾಗದದ ಚೂರು ಹಾರಿ ಬಂದು ಅಂಟುತ್ತದೆ. ಆ ಪಾಠ ಮತ್ತೆಂದೂ ನಾನು ಮಳೆಗಾಲದಲ್ಲಿ ಮುಟ್ಟಿಲ್ಲ.

ಅದಕ್ಕೆ ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದಕ್ಕೆ ಬೇಕಾದ ಸಾಮಾನು ಊರಲ್ಲಿ ಯಾವಾಗ ಸಿಗುತ್ತದೆ?

ಬೆಳೆಯ ಪಾಠ ಹೇಗೂ ಪುಸ್ತಕದಲ್ಲಿ ಮೊದಲಿದೆ, ಜೂನ್‌ಗೆ ಸರಿಯಾಗಿ ಕೂರುತ್ತದೆ. ಬೀಜ ನೀರಿಗೆ ಹಾಕಿ, ತೇಲಿದ್ದು ಜೊಳ್ಳು ಅಂತ ತೋರಿಸುವುದು ಹತ್ತು ನಿಮಿಷದ ಕೆಲಸ. ಆದರೆ ಅದನ್ನು ಜೂನ್‌ನಲ್ಲೇ ಮುಗಿಸಿಬಿಡಬೇಡಿ. ಅರ್ಧ ಮಾಡಿ, ಹಿಂಗಾರಿಯ ಭಾಗ ಅಕ್ಟೋಬರ್‌ಗೆ ಇಡಿ. ಬಿಳಿಜೋಳ, ಕಡಲೆ, ಕುಸುಬಿ ಬಿತ್ತುವ ಹೊತ್ತಿಗೆ, "ಮಳೆ ನಿಂತ ಮೇಲೂ ಈ ಬೆಳೆ ಹೇಗೆ ಬರುತ್ತದೆ?" ಅಂತ ಕೇಳಿ. ಎರೆಮಣ್ಣು ತೇವ ಹಿಡಿದಿಡುವ ವಿಷಯ ಮಕ್ಕಳ ಬಾಯಿಂದಲೇ ಬರುತ್ತದೆ.

ಇನ್ನು ಸೂಕ್ಷ್ಮಜೀವಿಗಳ ಪಾಠ. ಇದನ್ನು ಜುಲೈ ಎರಡನೇ ವಾರಕ್ಕೆ ಗಟ್ಟಿಯಾಗಿ ಕಟ್ಟಿಹಾಕಿ. ಜೂನ್ ಮೊದಲ ವಾರ ಬಿತ್ತಿದ ಹೆಸರು ಆಗ ಹೂವಿಗೆ ಬಂದಿರುತ್ತದೆ. ಯಾರದಾದರೂ ಹೊಲದಿಂದ ನಾಲ್ಕು ಗಿಡ ತರಿಸಿ. ಕಿತ್ತು ತರಬಾರದು, ಬೇರಿನ ಗಂಟು ಮಣ್ಣಲ್ಲೇ ಉಳಿಯುತ್ತದೆ. ಕುರ್ಪಿಯಿಂದ ಸುತ್ತ ಅಗೆದು ಹೆಂಟೆ ಸಮೇತ ತರಬೇಕು. ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಎರೆಮಣ್ಣು ಅಷ್ಟು ಸುಲಭಕ್ಕೆ ಬಿಡಲ್ಲ, ಉಜ್ಜಬೇಡಿ. ತಾನೇ ಕರಗಿ ಇಳಿದ ಮೇಲೆ ಬೇರಿನ ಮೇಲೆ ಸಾಸಿವೆಯಿಂದ ಜೋಳದ ಕಾಳಿನ ಗಾತ್ರದವರೆಗೆ ಗಂಟು ಕಾಣುತ್ತವೆ. ದಪ್ಪನೆಯದೊಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ. ಒಳಗೆ ನಸುಗೆಂಪು ಇದ್ದರೆ ರೈಜೋಬಿಯಂ (ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಬೆಳ್ಳಗೋ ಹಸಿರೋ ಇದ್ದರೆ ಆ ಗಂಟು ಸದ್ಯಕ್ಕೆ ಕೆಲಸದಲ್ಲಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ, "ಸರ್ರೀ, ಒಳಗ ರಕ್ತ ಐತ್ರೀ!" ಅಂತ ಕೂಗಿದ್ದಳು. ಅವಳು ಹೇಳಿದ್ದು ಪೂರ್ತಿ ತಪ್ಪಲ್ಲ. ಆ ಬಣ್ಣದ ವಸ್ತು ನಮ್ಮ ಹಿಮೋಗ್ಲೋಬಿನ್ನಿನ ನೆಂಟನೇ, ಲೆಗ್‌ಹಿಮೋಗ್ಲೋಬಿನ್ ಅಂತ. ಹೆಸರಿನ ಹೊಲದಲ್ಲಿ ಮುಂದೆ ಜೋಳ ಯಾಕೆ ಚೆನ್ನಾಗಿ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ. ಆಗಸ್ಟ್‌ನಲ್ಲಿ ಹೆಸರು ಬಿಡಿಸಿಬಿಡುತ್ತಾರೆ, ಆಮೇಲೆ ನಿಮಗೆ ಉಳಿಯುವುದು ಪುಸ್ತಕದ ಚಿತ್ರ ಮಾತ್ರ. ರೊಟ್ಟಿ ಚೂರಿಗೆ ಬೂಷ್ಟು ಬರುವುದಕ್ಕೂ ಜುಲೈ ಒಳ್ಳೆಯದು.

ಬೆಳಕಿನ ಪಾಠ ನವೆಂಬರ್ ಮೇಲೆ, ಬಿಸಿಲು ನಂಬಬಹುದು. ದಹನವೂ ಅಷ್ಟೇ, ಮಸೂರದಿಂದ ಕಾಗದ ಸುಡಬೇಕಲ್ಲ.

ವಿದ್ಯುತ್ತಿನ ರಾಸಾಯನಿಕ ಪರಿಣಾಮ ಡಿಸೆಂಬರ್‌ನಲ್ಲಿ ಮಾಡಿದರೂ ಅದರ ಸಾಮಾನು ಈಗಲೇ ಕೂಡಿಡಿ. ಒಂದು ಮಳೆ ಬಿದ್ದು ಗಾಳಿಯ ಧೂಳು ತೊಳೆದ ಮೇಲೆ, ಬಯಲಲ್ಲಿ ಸ್ಟೀಲ್ ಪಾತ್ರೆ ಇಟ್ಟು ಹಿಡಿದ ಮಳೆನೀರನ್ನು ಎರಡು ಬಾಟಲಿ ತುಂಬಿ ಮುಚ್ಚಿಡಿ. ಡಿಸೆಂಬರ್‌ನಲ್ಲಿ ಅದರ ಪಕ್ಕ ನಿಮ್ಮೂರ ಬೋರಿನ ಸವಳು ನೀರು ಇಡಿ. ಮಳೆನೀರಿನಲ್ಲಿ ಎಲ್‌ಇಡಿ ಮಿಣುಕೂ ಅನ್ನಲ್ಲ, ಇಲ್ಲವೇ ತೀರಾ ಮಂಕಾಗಿರುತ್ತದೆ. ಇನ್ನೊಂದರಲ್ಲಿ ಚೆನ್ನಾಗಿ ಉರಿಯುತ್ತದೆ. ಭಟ್ಟಿ ಇಳಿಸಿದ ನೀರು ಹುಡುಕಿಕೊಂಡು ಗದಗಕ್ಕೆ ಹೋಗಬೇಕಾಗಿಲ್ಲ.

ಭೌತಶಾಸ್ತ್ರಕ್ಕೆ ಹೆದರಬೇಡಿ. ಘರ್ಷಣೆಗೆ ಚಕ್ಕಡಿಯ ಕೀಲೆಣ್ಣೆ ಇದೆ, ಬೀಸುಕಲ್ಲು ಇದೆ. ಸವೆದ ಕಲ್ಲಿಗೆ ಮತ್ತೆ ಉಳಿ ಹೊಡೆಸಿ ಒರಟು ಮಾಡುತ್ತಾರಲ್ಲ. ಒಂದು ಕಡೆ ಘರ್ಷಣೆ ಬೇಡ, ಇನ್ನೊಂದು ಕಡೆ ಬೇಕೇ ಬೇಕು. ಶಬ್ದದ ಪಾಠ ಫೆಬ್ರುವರಿಗೆ ಇಡಿ. ಹೋಳಿ ಹತ್ತಿರ ಬಂತು ಅಂದರೆ ಹುಡುಗರು ಹಲಗಿ ಬಾರಿಸಲು ಶುರು ಮಾಡಿರುತ್ತಾರೆ. ಬಾರಿಸುವ ಮೊದಲು ಬೆಂಕಿಗೆ ಹಿಡಿಯುವುದು ಯಾಕೆ ಅಂತ ಕೇಳಿ. ಚರ್ಮ ಬಿಗಿಯಾಗಿ ಸ್ಥಾಯಿ ಏರುತ್ತದೆ ಅನ್ನುವುದನ್ನು ಅವರು ತಮ್ಮ ಮಾತಲ್ಲಿ ಹೇಳುತ್ತಾರೆ. ನೀವು ಕಂಪನ, ಆವೃತ್ತಿ ಅಂತ ಹೆಸರು ಕೊಟ್ಟರೆ ಸಾಕು. ಪಂಚಾಂಗ ಬೇಕು ಅಂದದ್ದು ಇದಕ್ಕೇ. ಪಂಚಮಿ, ಸೀಗಿ ಹುಣ್ಣಿಮೆ, ಎಳ್ಳು ಅಮವಾಸ್ಯೆ ದಿನ ಕ್ಲಾಸು ಖಾಲಿ. ಹಿಂದೆ ಮುಂದೆ ಒಂದೊಂದು ದಿನವೂ ಹೋಗುತ್ತದೆ. ಆ ವಾರ ಹೊಸ ಪಾಠ ಶುರು ಮಾಡಬೇಡಿ.

ಪ್ರತಿಕ್ರಿಯೆ – ಶಿಕ್ಷಕಿ, ಹುಬ್ಬಳ್ಳಿ

ಸರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಆಗಸ್ಟ್ 10ರ ಆಸುಪಾಸು ಗದಗ, ಹುಬ್ಬಳ್ಳಿ, ಧಾರವಾಡಕ್ಕೆಲ್ಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮಧ್ಯಾಹ್ನ 12:30ರಿಂದ 12:35ರ ನಡುವೆ ಒಂದು ಸ್ಟೀಲ್ ಲೋಟ ಬೋರಲು ಹಾಕಿ ಇಟ್ಟರೆ ನೆರಳೇ ಇರಲ್ಲ. ಮೇ ಮೊದಲ ವಾರದಲ್ಲೂ ಹೀಗಾಗುತ್ತದೆ, ಆದರೆ ಆಗ ರಜೆ. ಮೋಡ ಇದ್ದರೆ ಹೋಯಿತು, ಆದರೂ ಬಿಸಿಯೂಟಕ್ಕೆ ಮುಂಚೆ ಐದು ನಿಮಿಷ ಅಲ್ವಾ, ಕಳೆದುಕೊಳ್ಳುವುದೇನಿಲ್ಲ.

ಇನ್ನೊಂದು, ಹದಿಹರೆಯದ ಪಾಠ. ಎಲ್ಲರೂ ಅದನ್ನು ಕೊನೆಗೆ ತಳ್ಳಿ, "ಮನೆಯಲ್ಲಿ ಓದಿಕೊಳ್ಳಿ" ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಸೆಪ್ಟೆಂಬರ್‌ನಲ್ಲೇ ಮಾಡುತ್ತೇನೆ, ಅಷ್ಟರಲ್ಲಿ ಮಕ್ಕಳಿಗೆ ನಮ್ಮ ಸಲಿಗೆ ಆಗಿರುತ್ತದೆ. ಒಂದು ವಾರ ಮೊದಲೇ ಡಬ್ಬಿ ಇಟ್ಟು ಹೆಸರು ಬರೆಯದೆ ಚೀಟಿ ಹಾಕಲು ಹೇಳಿ. ನನಗೆ ಹುಡುಗರಿಂದಲೇ ಜಾಸ್ತಿ ಚೀಟಿ ಬಂದವು, ಅರ್ಧಕ್ಕರ್ಧ ಮೊಡವೆ ಮತ್ತು ದನಿ ಒಡೆಯುವುದರ ಬಗ್ಗೆ.

ಪ್ರತಿಕ್ರಿಯೆ – ಶಿಕ್ಷಕ, ಹಾವೇರಿ ಜಿಲ್ಲೆ

ಸಸ್ಯ, ಪ್ರಾಣಿಗಳ ಸಂರಕ್ಷಣೆ ಪಾಠಕ್ಕೆ ನಾವು ರಾಣೆಬೆನ್ನೂರಿಗೆ ಕೃಷ್ಣಮೃಗ ನೋಡಲು ಹೋಗುತ್ತೇವೆ. ನಿಮಗೆ ಕಪ್ಪತಗುಡ್ಡ ಪಕ್ಕದಲ್ಲೇ ಇದೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಯೂ ದೂರ ಅಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಚಳಿಗಾಲ ಕಳೆಯುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿತು. ವಲಸೆ ಹಕ್ಕಿಯ ಪಾಠವನ್ನು ಆಗಸ್ಟ್‌ನಲ್ಲಿ ಮಾಡಿದರೆ ಬರೀ ನೀರು ನೋಡಿ ಬರಬೇಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೋಗಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹೀಗೆ ಬರೆದು ತೋರಿಸಿದೆ. ಹೆಡ್‌ಮಾಸ್ತರರು, "ಚೆನ್ನಾಗಿದೆ, ಆದರೆ ಪಾಠದ ಕ್ರಮ ಬದಲಿಸಿದರೆ ನಾಳೆ ಇನ್‌ಸ್ಪೆಕ್ಷನ್‌ಗೆ ಬಂದವರು ಕೇಳುತ್ತಾರೆ. ಎಸ್‌ಎ-1 ಪ್ರಶ್ನೆಪತ್ರಿಕೆ ಬೇರೆ ಕಡೆಯಿಂದ ಬಂದರೆ ಏನು ಮಾಡ್ತೀರಿ?" ಅಂದರು. ಅವರ ಮಾತೂ ಸರಿ ಅನಿಸಿತು.

ಉತ್ತರ – ಧಾರವಾಡ ತಾಲ್ಲೂಕಿನ ಶಿಕ್ಷಕ

ಅವರು ಹೇಳುವುದು ಸರಿನೇ. ಹಾಗಾದರೆ ಪಾಠ ಸರಿಸಬೇಡಿ, ಪ್ರಯೋಗ ಸರಿಸಿ. ಮೊದಲ ಅರ್ಧದ ಪಾಠಗಳು ಮೊದಲ ಅರ್ಧದಲ್ಲೇ ಇರಲಿ, ಅದರೊಳಗೆ ಮಾತ್ರ ಹಿಂದೆ ಮುಂದೆ ಮಾಡಿ. ಉಳಿದದ್ದಕ್ಕೆ ಹಂಚಿಕೆಯ ಹಾಳೆಯಲ್ಲಿ "ಪಾಠ" ಅನ್ನುವ ಕಾಲಮ್ಮಿನ ಪಕ್ಕ "ಚಟುವಟಿಕೆಯ ತಿಂಗಳು" ಅಂತ ಇನ್ನೊಂದು ಕಾಲಮ್ಮು ಎಳೆಯಿರಿ. ಪಾಠ ಜುಲೈಗೆ, ಚಟುವಟಿಕೆ ಜನವರಿಗೆ ಅಂತ ಬರೆದಿದ್ದರೆ ಅದು ಮರೆತದ್ದಲ್ಲ, ಯೋಜನೆ ಅಂತ ಬಂದವರಿಗೂ ಕಾಣುತ್ತದೆ. ನನ್ನ ಹಾಳೆ ಹೀಗೇ ಇದೆ. ಇದುವರೆಗೆ ಯಾರೂ ತಕರಾರು ಮಾಡಿಲ್ಲ, ಇಬ್ಬರು ಫೋಟೋ ತೆಗೆದುಕೊಂಡು ಹೋಗಿದ್ದಾರೆ.

ವಾರಕ್ಕೆ ಒಂದು ಅವಧಿ ಏನೂ ಬರೆಯದೆ ಖಾಲಿ ಬಿಡಿ. ಅದನ್ನು ತುಂಬಿಸಿ ಅಂದರೆ "ಪುನರವಲೋಕನ" ಅಂತ ಬರೆಯಿರಿ, ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು

ಸರ್, ಬೀಗದ ಕೈ ಸಿಕ್ಕಿತು! ಅಡುಗೆಯವರ ಹತ್ತಿರ ಇತ್ತು. ಬೀರುವಿನಲ್ಲಿ ಒಂದು ಗ್ಲೋಬು, ಮೂರು ಪರೀಕ್ಷಾ ನಾಳ, ಒಂದು ಆಯಸ್ಕಾಂತ, ಮತ್ತೆ ಒಂದು ಡಬ್ಬಿ ಮೈಲುತುತ್ತ (ತಾಮ್ರದ ಸಲ್ಫೇಟ್). ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮೇಲೆ ಅಲ್ಲಲ್ಲಿ ಬೆಳ್ಳಗಾಗಿದೆ. ಎಸೆಯಲಾ?

ಉತ್ತರ – ಧಾರವಾಡ ತಾಲ್ಲೂಕಿನ ಶಿಕ್ಷಕ

ಅಯ್ಯೋ, ಎಸೆಯಬೇಡಿ. ಬೆಳ್ಳಗಾಗಿದ್ದು ನೀರು ಬಿಟ್ಟುಕೊಂಡಿದ್ದಕ್ಕೆ. ಆ ಚೂರಿಗೆ ಮಕ್ಕಳ ಎದುರೇ ಎರಡು ಹನಿ ನೀರು ಹಾಕಿ, ಮತ್ತೆ ನೀಲಿ ಆಗುತ್ತದೆ. ಉಳಿದದ್ದು ಲೋಹಗಳ ಪಾಠಕ್ಕೆ ಬೇಕು. ದ್ರಾವಣ ಮಾಡಿ ಅದರಲ್ಲಿ ಉಜ್ಜಿದ ಕಬ್ಬಿಣದ ಮೊಳೆ ಬಿಟ್ಟರೆ ಸ್ವಲ್ಪ ಹೊತ್ತಿಗೆ ತಾಮ್ರ ಹತ್ತುತ್ತದೆ. ಬರಿಗೈಯಲ್ಲಿ ಮುಟ್ಟಿಸಬೇಡಿ, ವಿಷ. ಡಬ್ಬಿಗೆ ಚೀಟಿ ಅಂಟಿಸಿ, ಬೀಗದ ಕೈ ಇನ್ನು ಮೇಲೆ ನಿಮ್ಮ ಹತ್ತಿರವೇ ಇರಲಿ.