ಕುಂಬಳಕಾಯಿ ಕೀಳೋದಾ, ಕೊಯ್ಯೋದಾ, ಆರಿಸೋದಾ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ಬಂತೆಂದರೆ ಮನೆಮಂದಿಯೆಲ್ಲ ‘ಪಂಪ್ಕಿನ್ ಪಿಕಿಂಗ್’ಗೆ ಹೊರಡುತ್ತಾರೆ. ನಾವು ಹೋಗುವುದು ಹಾಫ್ ಮೂನ್ ಬೇ ಕಡೆಯ ಹೊಲಗಳಿಗೆ. ಜಗತ್ತಿನ ಕುಂಬಳದ ರಾಜಧಾನಿ ತಾನೇ ಅಂತ ಹೇಳಿಕೊಳ್ಳುವ ಊರು ಅದು. 1971ರಲ್ಲಿ ಶುರುವಾದ ಕುಂಬಳದ ಜಾತ್ರೆಯೂ ಅಲ್ಲಿದೆ. ಕನ್ನಡ ತರಗತಿಯ ಮಕ್ಕಳಿಗಾಗಿ ಇದರ ಬಗ್ಗೆ ಒಂದು ಪುಟ ಬರೆಯಲು ಕೂತೆ. ಮೊದಲ ವಾಕ್ಯದಲ್ಲೇ ತಡೆಯಿತು. ‘ಪಿಕಿಂಗ್’ಗೆ ಕನ್ನಡದಲ್ಲಿ ಯಾವ ಕ್ರಿಯಾಪದ?

ನಮ್ಮಲ್ಲಿ ಬೆಳೆಗೊಂದು ಮಾತು ಇದೆಯಲ್ವಾ. ತೆಂಗಿನಕಾಯಿ ಕೀಳಿಸುತ್ತೇವೆ. ಅಡಿಕೆಗೆ, ಕಾಫಿಗೆ ಕೊಯ್ಲು. ಹತ್ತಿ ಬಿಡಿಸುತ್ತಾರೆ, ಮೆಕ್ಕೆಜೋಳ ಮುರಿಯುತ್ತಾರೆ, ಕಬ್ಬು ಕಡಿಯುತ್ತಾರೆ, ಹುಣಸೆಹಣ್ಣು ಬಡಿದು ಉದುರಿಸುತ್ತಾರೆ. ಹೂವಿಗಂತೂ ಕೀಳು, ಕೊಯ್ಯು, ಬಿಡಿಸು ಮೂರೂ ನಡೆಯುತ್ತವೆ, ಊರ ಮೇಲೆ ಹೋಗುತ್ತದೆ. ನಾನು ತುಮಕೂರು ಕಡೆಯವಳು. ಬಳ್ಳಿಯ ಕಾಯಿಗೆ ನನ್ನ ಬಾಯಲ್ಲಿ ಮೊದಲು ಬರುವುದು ‘ಕೀಳು’. ಆದರೆ ಕಳೆ ಕೀಳುವುದು, ಹಲ್ಲು ಕೀಳುವುದು ಅಂತೆಲ್ಲ ಇರುವುದರಿಂದ ಅದರಲ್ಲಿ ಸ್ವಲ್ಪ ಜೋರು ಜಾಸ್ತಿ.

ಇನ್ನೂ ಒಂದು ತೊಡಕಿದೆ. ಇಂಥ ಎಷ್ಟೋ ಹೊಲಗಳಲ್ಲಿ ಬಂದವರು ಬಳ್ಳಿಯಿಂದ ಏನನ್ನೂ ಕೀಳುವುದೇ ಇಲ್ಲ. ರೈತರು ಮೊದಲೇ ತೊಟ್ಟು ಕತ್ತರಿಸಿ ಕಾಯಿಗಳನ್ನು ನೆಲದ ಮೇಲೆ ಬಿಟ್ಟಿರುತ್ತಾರೆ. ಮಕ್ಕಳು ಸಾಲಿನಲ್ಲಿ ಓಡಾಡಿ, ತಟ್ಟಿ, ಹೊರಳಿಸಿ, ಹ್ಯಾಲೊವೀನ್ ಹಬ್ಬಕ್ಕೆ ಕಾಯಿಯ ಮೇಲೆ ಮುಖ ಕೊರೆಯಲು ಯಾವುದು ಚೆನ್ನಾಗಿದೆ ಅಂತ ನೋಡುತ್ತಾರೆ. ತೊಟ್ಟು ಹಿಡಿದು ಎತ್ತಬೇಡಿ ಅಂತ ದೊಡ್ಡವರು ಕೂಗುತ್ತಿರುತ್ತಾರೆ, ತೊಟ್ಟು ಮುರಿದ ಕಾಯಿ ಬೇಗ ಕೊಳೆಯುತ್ತದೆ. ಆಮೇಲೆ ಗಾಡಿಗೆ ಹಾಕಿಕೊಂಡು ದುಡ್ಡು ಕೊಡುವುದು. ಇದು ಕೊಯ್ಲು ಹೇಗಾಗುತ್ತದೆ? ಸಂತೆಯಲ್ಲಿ ಬದನೆಕಾಯಿ ಆರಿಸಿದ ಹಾಗೇ ಅಲ್ವಾ? (ಹಾಫ್ ಮೂನ್ ಬೇಯಲ್ಲಿ ಕುಂಬಳದ ತೂಕದ ಸ್ಪರ್ಧೆಯೂ ಇದೆ. 2023ರಲ್ಲಿ ಗೆದ್ದ ಕಾಯಿ 2,749 ಪೌಂಡು, ಅಂದರೆ ಸುಮಾರು 1,247 ಕಿಲೋ. ಅದಕ್ಕೆ ಕೀಳುವುದೂ ಇಲ್ಲ, ಆರಿಸುವುದೂ ಇಲ್ಲ, ಯಂತ್ರ ತಂದು ಎತ್ತಿಸುವುದೇ.)

ನಮ್ಮ ಅತ್ತೆ ಕುಂದಾಪುರದವರು. ಅವರು ಥಟ್ಟನೆ ಹೇಳಿದ್ದು ‘ಹೆಕ್ಕು’. ಗೇರುಬೀಜ ಹೆಕ್ಕಿದ ಹಾಗೆ, ನೆಲದ ಮೇಲೆ ಇರುವುದನ್ನು ಎತ್ತಿಕೊಳ್ಳುವುದು. ಕೇಳಿದ ಕೂಡಲೇ ನನಗೆ ಇಷ್ಟವಾಯಿತು. ಆದರೆ ಹೆಕ್ಕುವುದು ಅಂದರೆ ಸಣ್ಣ ಸಣ್ಣದನ್ನು ಒಂದೊಂದಾಗಿ ಎತ್ತುವುದು ಅಂತಲೇ ನನ್ನ ಕಿವಿಗೆ ಕೇಳುತ್ತದೆ. ಎರಡೂ ಕೈಯಲ್ಲಿ ತಬ್ಬಿ ಎತ್ತಬೇಕಾದ ಕಾಯಿಗೂ ಕರಾವಳಿಯವರು ಹೆಕ್ಕು ಅನ್ನುತ್ತೀರಾ?

ಕಾಯಿಯ ಹೆಸರಿನದ್ದೂ ಒಂದು ಮಾತು. ಅತ್ತೆಗೆ ಇದು ‘ಚೀನಿಕಾಯಿ’. ‘ಕುಂಬಳ’ ಅಂದರೆ ಅವರಿಗೆ ಬೂದುಗುಂಬಳವೇ. ನನಗೆ ಅದು ಸರಿ ಅಂತಲೇ ಅನ್ನಿಸುತ್ತದೆ. ಸಿಹಿಗುಂಬಳದ ಮೂಲ ಅಮೆರಿಕ ಖಂಡ, ನಮ್ಮ ಕಡೆಗೆ ಬಂದದ್ದು ಕೊಲಂಬಸ್ಸನ ಕಾಲದ ಮೇಲೆ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನುವ ಗಾದೆಯನ್ನೇ ನೋಡಿ. ಹೆಗಲಿಗೆ ಬೂದಿ ಅಂಟುವುದು ಬೂದುಗುಂಬಳದ್ದು. ಇಲ್ಲಿನ ಕಿತ್ತಳೆ ಬಣ್ಣದ ಕಾಯಿ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಯೇ ಇಲ್ಲ! ಆಯುಧಪೂಜೆಗೆ ಗಾಡಿಯ ಮುಂದೆ ಒಡೆಯುವುದೂ ಬೂದುಗುಂಬಳವನ್ನೇ. ಇಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಕುಂಬಳ ಅಂದರೆ ಕಿತ್ತಳೆ ಬಣ್ಣದ್ದು ಒಂದೇ. ಹಾಗಾಗಿ ಪುಟದಲ್ಲಿ ‘ಸಿಹಿಗುಂಬಳ’ ಅಂತಲೇ ಬರೆಯುತ್ತೇನೆ, ಅದರಲ್ಲಿ ಗೊಂದಲವಿಲ್ಲ.

ಸದ್ಯಕ್ಕೆ ವಾಕ್ಯ ಹೀಗಿದೆ: ‘ನಾವೆಲ್ಲ ಹೊಲಕ್ಕೆ ಹೋಗಿ ಸಿಹಿಗುಂಬಳ ಆರಿಸಿಕೊಂಡು ಬಂದೆವು.’ ‘ಕೊಯ್ದುಕೊಂಡು’ ಅಂತ ತಿದ್ದಬೇಕು ಅನ್ನುವವರು ತರಗತಿಯಲ್ಲೇ ಇಬ್ಬರಿದ್ದಾರೆ. ನಾನು ಒಪ್ಪಿಲ್ಲ, ಬಳ್ಳಿಯನ್ನೇ ಮುಟ್ಟದೆ ಎಂಥ ಕೊಯ್ಲು? ಮನೆಯ ಹೊಲದಲ್ಲಿ, ಹಿತ್ತಲಿನಲ್ಲಿ ಕುಂಬಳ ಬೆಳೆದವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ನಿಮ್ಮೂರಲ್ಲಿ ಬಳ್ಳಿಯಿಂದ ಬಿಡಿಸುವುದಕ್ಕೆ ಏನಂತೀರಿ, ಬಿದ್ದಿರುವುದನ್ನು ಎತ್ತಿ ತರುವುದಕ್ಕೆ ಬೇರೆ ಮಾತು ಉಂಟಾ? ಊರಿನ ಹೆಸರೂ ಸೇರಿಸಿ ಬರೆಯಿರಿ. ಉತ್ತರ ಕರ್ನಾಟಕದವರಿಂದ ಕೇಳುವ ಆಸೆ ಜಾಸ್ತಿ ಇದೆ.